ನಯನಳ ನಾದ ಧ್ಯಾನ

ಮಾಯಸಂದ್ರದ ಸೊಸೆ ನಯನಳಿಗೆ ದುಬೈನಲ್ಲಿ ಮಾಡಲು ಕೆಲಸವೇ ಇಲ್ಲ. ಅಡುಗೆಗೊಬ್ಬಳು, ಕಾರಿಗೊಬ್ಬ, ಗಂಡ ದಯಾನಂದ್ ಮನೆಗೆ ಬರುವುದು ಮಲಗಲಿಕ್ಕೆ ಮಾತ್ರ. ಅಲ್ಲಿನ ಕನ್ನಡದ ಗೆಳತಿಯರದೂ ಇದೇ ಕಷ್ಟ. ಸೋಮವಾರ ಉಗುರಿಗೆ ಬಣ್ಣ, ಮಂಗಳವಾರ ಕಾಫಿ ಕೂಟ, ಬುಧವಾರ ಧ್ಯಾನ ಎಂದು ವಾರವನ್ನು ಹೇಗೋ ತಳ್ಳುತ್ತಿದ್ದರು.

ಈ ಸಲ ರಜೆಗೆ ಐವರು ಗೆಳತಿಯರು ಅವಳ ಜೊತೆ ಊರಿಗೇ ಬಂದರು. ಎರಡನೇ ದಿನಕ್ಕೇ ಅವರಿಗೆ ಬೇಜಾರು ಹತ್ತಿತು. ನಯನ ಎಲ್ಲರನ್ನೂ ಅಟ್ಟ ಹತ್ತಿಸಿದಳು. ಅಲ್ಲಿ ವರ್ಷದಿಂದ ಒಣಗುತ್ತಿದ್ದ ತೆಂಗಿನಕಾಯಿಯ ರಾಶಿಯಿತ್ತು.

"ಇದು ನಮ್ಮ ಕಡೆಯ ನಾದ ಧ್ಯಾನ ಕಣ್ರೇ. ಕಣ್ಣು ಮುಚ್ಚಿ, ಕಾಯನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ. ಒಳಗೆ ಲೊಟಲೊಟ ಅಂದ್ರೆ ಬಲಕ್ಕಿಡಿ, ಸದ್ದಿಲ್ಲದಿದ್ರೆ ಎಡಕ್ಕೆ. ಮಾತಾಡಬಾರದು."

ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟರೆ ಮಾತ್ರ ಹಾಗೆ ಸದ್ದಾಗುತ್ತದೆ. ಸುಲಿಯುವ ಮುಂಚೆ ಅಂಥ ಕಾಯಿ ಆರಿಸುವುದು ಮನೆಯವರಿಗೆ ಒಂದು ವಾರದ ಕೆಲಸ. ಅಂದು ಸಂಜೆಗೇ ರಾಶಿ ಎರಡು ಪಾಲಾಗಿತ್ತು. ಕೆಳಗಿಳಿದ ಗೆಳತಿಯೊಬ್ಬಳ ಕಣ್ಣಲ್ಲಿ ನೀರು. "ಇಷ್ಟು ನೆಮ್ಮದಿ ಯಾವ ಸ್ಪಾದಲ್ಲೂ ಸಿಕ್ಕಿರಲಿಲ್ಲ," ಎಂದಳು.

ಕಾಫಿ ತಂದ ಅತ್ತೆ ಚಿಕ್ಕಗೌರಮ್ಮ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು: "ನಾಳೀಕೆ ಸುಲಿಯೋ ಧ್ಯಾನ ಐತೆ ಅಂತ ಹೇಳೇ. ನಾನು ಮಚ್ಚು ಮಸೆದಿಡ್ತೀನಿ."