ಪತ್ರಿ ಗಿಡದ ಕುಂಡದಲ್ಲಿ ನುಸಿಗಳ ದಾಸೋಹ

ನಿನ್ನೆ ಸಂಜೆ ಒಂದು ಕಪ್ ಚಹಾ ಕುಡಿದೆ. ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ ಅದರಲ್ಲಿ ಏನೂ ಬೀಳಲಿಲ್ಲ. ಈ ಮಾತು ನಿಮಗೆ ಸಪ್ಪೆ ಎನಿಸಬಹುದು. ಗೋಕಾಕದ ನಮ್ಮ ಮನೆಯಲ್ಲಿ ಮಾತ್ರ ಇದು ವಿಜಯೋತ್ಸವದ ಭಾಷಣ.

ಸೋತು ಓಡಿದವರು ಕರಿ ನುಸಿಗಳು. ಕರಿ ಎಳ್ಳಿಗೆ ರೆಕ್ಕೆ ಬಂದಂತೆ ಕಾಣುವ, ಕುಂಡದ ಮಣ್ಣಿನಿಂದ ಎದ್ದು ನೆಟ್ಟಗೆ ಮುಖಕ್ಕೇ ಬರುವ ಪ್ರಾಣಿ. ಕಚ್ಚುವುದಿಲ್ಲ. ಕಚ್ಚಿದ್ದರೆ ಸೊಳ್ಳೆಯ ಹಾಗೆ ಅದನ್ನೂ ಮನಸಾರೆ ದ್ವೇಷಿಸಬಹುದಿತ್ತು. ಇದು ಏನೋ ಕೇಳಲು ಬಂದು ಮರೆತವರ ಹಾಗೆ ಸುಮ್ಮನೆ ಮೂಗಿನ ಮುಂದೆ ತೇಲುತ್ತದೆ. ಎರಡು ಅಂಗೈ ನಡುವೆ ಸಿಕ್ಕಿತೆಂದುಕೊಂಡು ಬಡಿದರೆ, ಬಡಿತದ ಗಾಳಿಯನ್ನೇ ಹತ್ತಿ ಪಾರಾಗುತ್ತದೆ. ಇಡೀ ಮಳೆಗಾಲ ನಾನು ಚಪ್ಪಾಳೆ ತಟ್ಟುತ್ತ ಮನೆಯೊಳಗೆ ಓಡಾಡಿದೆ. ನಾನು ಬರೆಯುವ ತಲೆಬುಡವಿಲ್ಲದ ಗದ್ಯಕ್ಕೆ ಹೊರಗೆ ಸಿಗದ ಚಪ್ಪಾಳೆಯನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆಂದು ಪಕ್ಕದ ಮನೆಯವರು ತಿಳಿದಿರಬೇಕು.

ನುಸಿಗಳ ತವರು ಪಡಸಾಲೆಯ ಕಿಟಕಿಯ ಬಳಿಯ ಒಂದು ಕುಂಡ. ಅವ್ವ ನಾಗನೂರಿನ ತೋಟದ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಬಿಲ್ವದ ಸಸಿ ಹಿಡಿದಿದ್ದಳು. ಟ್ರಂಕಿನ ಬಗ್ಗೆ ನನಗೆ ಅನುಮಾನವಿದೆ. ಒಂದು ಕೈ ಖಾಲಿ ಬಿಟ್ಟರೆ ಚಿತ್ರ ವಾಲುತ್ತದೆಂದು ನನ್ನ ನೆನಪೇ ಅದನ್ನು ಅಲ್ಲಿ ಇಟ್ಟಿರಬಹುದು. ಸಸಿ ಮಾತ್ರ ಖರೆ. ಅವ್ವ ಅದನ್ನು ಪತ್ರಿ ಗಿಡ ಎನ್ನುತ್ತಾಳೆ.

ಅವ್ವ ಎರಡು ಹೊತ್ತೂ ಲಿಂಗಪೂಜೆ ಮಾಡುವವಳು. ಅಂಗೈ ಮೇಲಿನ ಇಷ್ಟಲಿಂಗಕ್ಕೆ ಎರೆದ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಕಾಲು ತಾಗುವಲ್ಲಿ ಸುರಿಯುವಂತಿಲ್ಲ. ಗಿಡದ ಬುಡಕ್ಕೆ ಹಾಕಬೇಕು. ಏರಿಸಿದ ಹೂವು, ಪತ್ರಿಗಳಿಗೂ ಅದೇ ದಾರಿ. ನಾಗನೂರಿನಲ್ಲಿ ಇದನ್ನೆಲ್ಲ ದೊಡ್ಡದೊಂದು ಬಿಲ್ವದ ಮರ ಸದ್ದಿಲ್ಲದೆ ಕುಡಿದು ಅರಗಿಸಿಕೊಳ್ಳುತ್ತಿತ್ತು. ಇಲ್ಲಿ ಮಹಡಿಯ ಮೇಲಿನ ಮನೆ; ಮಾಳಿಗೆಯ ಕುಂಡಗಳವರೆಗೆ ದಿನಾ ಹತ್ತುವವರು ಯಾರು? ಅವ್ವನ ನೀರು, ನನ್ನ ಹೆಂಡತಿ ಶಾಂತಾಳ ನೀರು, ನನಗೆ ಭಕ್ತಿ ಬಂದ ದಿನ ನನ್ನದೂ, ಎಲ್ಲವೂ ಮೊಣಕಾಲೆತ್ತರದ ಆ ಸಸಿಯ ಕುಂಡಕ್ಕೇ. ಮಣ್ಣಿನ ಮೇಲೆ ಚೆಂಡುಹೂವಿನ ಎಸಳು ಕೊಳೆತು ಹಾಸಿಗೆಯಾಗಿತ್ತು.

ನಾನು ಓದಿ ತಿಳಿದುಕೊಂಡಿದ್ದು ಇಷ್ಟು. ಹಾರುವ ನುಸಿ ಬರೀ ಮೆರವಣಿಗೆ, ಊರು ಇರುವುದು ಕೆಳಗೆ. ಮರಿಹುಳುಗಳು ಮೇಲಿನ ಎರಡು ಬೆರಳಿನಷ್ಟು ಹಸಿ ಮಣ್ಣಿನಲ್ಲಿರುತ್ತವೆ. ಬೂಷ್ಟು, ಕೊಳೆತ ಎಲೆ ಅವುಗಳ ಊಟ. ಅದು ಸಾಲದಿದ್ದರೆ ಎಳೆಯ ಬೇರು. ಅಂದರೆ ನಾವು ಅಲ್ಲಿ ಎರಡು ಹೊತ್ತೂ ಬಿಸಿಯಾರದ ದಾಸೋಹ ನಡೆಸಿದ್ದೆವು.

ಈ ಮಾತನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು.

“ಅತ್ತಿ, ಆ ಕುಂಡಾ ಮೊದಲ ಹೊರಗ ಇಡಸ್ರಿ,” ಎಂದಳು ಶಾಂತಾ. “ನಿನ್ನಿ ಸಾರಿನ್ಯಾಗ ಜೀರಿಗಿ ಅಂತ ತಿಳದ ತಿಂದವರು ನಿಮ್ಮ ಮಗಾನ.”

“ಕುಂಡಾ ಹೊರಗ ಹೋದ್ರ ಅದರ ಹಿಂದ ನಾನೂ ನಾಗನೂರಿಗೆ ಹೊಂಟೆ,” ಎಂದಳು ಅವ್ವ. “ಅವೂ ಜೀವಾನ ಅಲ್ಲೇನ? ದಾಸೋಹಕ್ಕ ಬಂದಾವ, ಉಂಡ ಹೋಗ್ತಾವ.”

“ಉಂಡ ಹೋಗಾಕತ್ತಿಲ್ರಿ ಅತ್ತಿ. ಉಂಡ ಇಲ್ಲೇ ಮಲಗ್ಯಾವ.”

ಅವ್ವ ಬರೀ ಬೆದರಿಕೆ ಹಾಕುವವಳಲ್ಲ. ಮರುದಿನ ಕೆಳಗಿನ ಮನೆಯವರ ಬಳಿ ನಾಗನೂರ ಬಸ್ಸಿನ ಹೊತ್ತು ವಿಚಾರಿಸಿದಳು. ಸಸಿಯ ಎಲೆಗಳೂ ಹಳದಿಯಾಗತೊಡಗಿದ್ದವು. ನುಸಿ ಗೆದ್ದರೆ ಗಿಡ ಹೋಗುತ್ತದೆ, ಗಿಡ ಹೋದರೆ ಅವ್ವ ಹೋಗುತ್ತಾಳೆ. ನಾನು ಯುದ್ಧಕ್ಕೆ ಇಳಿದೆ.

ಲೋಬಾನದ ಹೊಗೆ ಹಾಕಿದೆ. ನುಸಿಗಳು ಒಳಗೇ ಉಳಿದವು, ನಾನು ಕೆಮ್ಮುತ್ತ ಹೊರಗೆ ಹೋದೆ. ಬೆಳ್ಳುಳ್ಳಿ ನೀರು ಚಿಮುಕಿಸಿದೆ. ಪಡಸಾಲೆಯಲ್ಲಿ ಚಟ್ನಿಯ ವಾಸನೆ ಬಂತು, ಎಲ್ಲರಿಗೂ ಹಸಿವಾಯಿತು, ಬಹುಶಃ ನುಸಿಗಳಿಗೂ. ಆಗ ಹುಕ್ಕೇರಿಯಲ್ಲಿ ಕಾಯಿಪಲ್ಲೆ ಬೆಳೆಯುವ ಶಾಂತಾಳ ತಮ್ಮ ಶಿವಾನಂದ ಹೊಲದಲ್ಲಿ ತೂಗುಹಾಕುವ ಹಳದಿ ಅಂಟುಹಾಳೆಗಳನ್ನು ತಂದುಕೊಟ್ಟ.

“ಮಾಮಾ, ಹಳದಿ ಬಣ್ಣಾ ಕಂಡ್ರ ಹುಚ್ಚ ಹಿಡದಂಗ ಓಡಿ ಬರ್ತಾವ. ನೀವ್ ಮಾತ್ರ ದೂರ ಇರ್ರಿ.”

ನಾನು ದೂರ ಇರಲಿಲ್ಲ. ಎಷ್ಟು ಬಿದ್ದಿವೆ ನೋಡೋಣವೆಂದು ಬಗ್ಗಿದಾಗ ಹಾಳೆ ನನ್ನ ಅಳಿದುಳಿದ ಕೂದಲಿಗೆ ಅಂಟಿತು. ಶಾಂತಾ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತ, “ಮೊದಲನೇ ಬೇಟಿನ ದೊಡ್ಡದ ಬಿತ್ತಲ್ಲರಿ,” ಎಂದಳು. ಹಾಳೆಗಳು ನುಸಿ ಹಿಡಿದವು ನಿಜ. ಆದರೆ ಮೆರವಣಿಗೆ ಕರಗಿದರೇನು, ಊರು ಹಾಗೇ ಇತ್ತು.

ತಿರುವು ಬಂದದ್ದು ಅವ್ವನ ಕಡೆಯಿಂದ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ಅವಳ ಪೂಜೆ. ಒಂದು ಬೆಳಿಗ್ಗೆ ನುಸಿಯೊಂದು ಲಿಂಗದ ಮೇಲೇ ಇಳಿಯಿತು. ಅವ್ವ ಅಲುಗಲಿಲ್ಲ. ಅದು ಅಲ್ಲಿ ಪ್ರದಕ್ಷಿಣೆ ಹಾಕಿತು. ಅವ್ವ ಸಹಿಸಿದಳು. ಆಮೇಲೆ ಹಾರಿ ಬಂದು ಅವಳ ಕಣ್ಣಿನೊಳಗೆ ಬಿತ್ತು.

“ಇದರ ವಂಶಾ ಹಾಳಾಗ್ಲಿ!”

“ಯಾಕ್ರಿ ಅತ್ತಿ,” ಅಡುಗೆಮನೆಯಿಂದ ಶಾಂತಾ ಕೇಳಿದಳು, “ದಾಸೋಹಾ ಮುಗೀತೇನ್ರಿ?”

ಉಪಾಯ ಯಾರಿಗೆ ಹೊಳೆಯಿತು? ಮೂಡಲಗಿಗೆ ಹೋಗುವಾಗ ಕಲ್ಲೋಳಿಯ ಹತ್ತಿರ ಕಾಲುವೆಯ ದಂಡೆಯಲ್ಲಿ ಸ್ಕೂಟರ್ ನಿಲ್ಲಿಸಿ, ಹರಿಯುವ ನೀರು ನೋಡುತ್ತಿದ್ದ ನನಗೆ ಥಟ್ಟನೆ ಹೊಳೆಯಿತೆಂದು ಬರೆಯಬಹುದು. ಬಹಳ ಚೆಂದದ ದೃಶ್ಯ. ಇಷ್ಟು ಚೆಂದವಿರುವುದರಿಂದಲೇ ನಂಬಲು ಮನಸ್ಸಾಗುವುದಿಲ್ಲ. ಹೆಚ್ಚು ಸಾಧ್ಯತೆ ಇರುವುದು ಊಟಕ್ಕೆ ಕೂತಾಗ. ನಾಗನೂರಿನ ಕೆಳಗಿನ ಹೊಲದ ಮಾತು ಬಂತು. ಹಿಡಕಲ್ ಡ್ಯಾಮಿನ ನೀರು ಕಾಲುವೆಗೆ ಬಂದ ಹೊಸತರಲ್ಲಿ ನಮ್ಮವರು ಕಬ್ಬಿಗೆ ಮನಸೋ ಇಚ್ಛೆ ನೀರು ಹಾಯಿಸಿದರು; ಆ ಮೂಲೆ ಸವಳಾಗಿ, ಮೇಲೆ ಬಿಳಿ ಉಪ್ಪು ಎದ್ದು, ಹುಲ್ಲೂ ಬೆಳೆಯದಾಯಿತು. ಒಣಗಿ ಸತ್ತ ಹೊಲ ಮಳೆ ಬಂದರೆ ಏಳುತ್ತದೆ. ನೀರು ಕುಡಿದು ಸತ್ತದ್ದನ್ನು ಎಬ್ಬಿಸುವುದು ಕಷ್ಟ.

“ಅವ್ವಾ, ಕುಂಡಾನೂ ಆ ಹೊಲದಂಗ ಆಗೇತಿ,” ಎಂದೆ.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಹಂಗಾದ್ರ ನೀರಿಗೆ ಪಾಳಿ ಹಚ್ಚು.”

ಕಾಲುವೆಯ ನೀರನ್ನು ಒಬ್ಬರಾದ ಮೇಲೆ ಒಬ್ಬರು ಹಾಯಿಸಿಕೊಳ್ಳುವ ಸರದಿಗೆ ನಮ್ಮಲ್ಲಿ ಪಾಳಿ ಎನ್ನುತ್ತಾರೆ. ಅದೇ ಕಾನೂನು ಮನೆಗೂ ಬಂತು. ಪೂಜೆಯ ನೀರು ಒಂದು ದಿನ ಮಾಳಿಗೆ ಮೇಲಿನ ತುಳಸಿಗೆ, ಇನ್ನೊಂದು ದಿನ ದಾಸವಾಳಕ್ಕೆ, ಮತ್ತೊಂದು ದಿನ ಮಲ್ಲಿಗೆಗೆ. ಬೆರಳು ಊರಿದಾಗ ಮಣ್ಣು ಒಣಗಿದ್ದರೆ ಮಾತ್ರ ಬಿಲ್ವಕ್ಕೆ. ಹೂವು, ಪತ್ರಿ ಬುಟ್ಟಿಯಲ್ಲಿ ಬಿಸಿಲಿಗೆ ಒಣಗಿ ನಾಗನೂರಿನ ಹೊಲ ಸೇರಬೇಕು. ಕುಂಡದ ಮೇಲ್ಮಣ್ಣು ಕೆರೆದು ತೆಗೆದು ಉಸುಕು ಹಾಸಿದೆ. ಹಾರುವವಕ್ಕೆ ಹಳದಿ ಹಾಳೆ ಇದ್ದೇ ಇತ್ತು, ನನ್ನ ತಲೆಗೆ ಎಟುಕದ ಎತ್ತರದಲ್ಲಿ.

ಬಾಯಾರಿದ ಗಿಡವನ್ನು ನೋಡುತ್ತ ಸುಮ್ಮನಿರುವುದು ನುಸಿ ಹೊಡೆಯುವುದಕ್ಕಿಂತ ಕಷ್ಟ. ಎಲೆಗಳು ಒಂದೊಂದಾಗಿ ಉದುರಿದವು. “ತಮ್ಮಾ, ಮೊದಲ ನುಸಿ ಸಾಯ್ತಾವೋ, ಗಿಡಾನ ಸಾಯ್ತೈತೋ?” ಎಂದು ಅವ್ವ ನನ್ನನ್ನು ಕೇಳಿ ನಿಟ್ಟುಸಿರಿಟ್ಟಳು. ಬಸ್ಸಿನ ಮಾತು ಮತ್ತೆ ಬಂತು.

ಒಂದು ಬೆಳಿಗ್ಗೆ ನೋಡಿದರೆ ಉಸುಕು ಒದ್ದೆ! ನಾನು ಅವ್ವನ ಮುಖ ನೋಡಿದೆ, ಅವ್ವ ನನ್ನ ಮುಖ ನೋಡಿದಳು. ಕುಂಡದ ಹಿಂದೆ ಅಡುಗೆಮನೆಯ ಸ್ಟೀಲ್ ಲೋಟ ಇತ್ತು. ಕುಂಡ ಹೊರಗಿಡಿ ಎಂದು ಪಟ್ಟು ಹಿಡಿದಿದ್ದವಳು, “ಅದು ಅಲ್ಲಿ ಹೆಂಗ ಬಂತೋ ನನಗೇನ ಗೊತ್ತರಿ?” ಎಂದು ಒಳಗೆ ಹೋದಳು. ನಾವು ಒದ್ದೆ ಉಸುಕು ತೆಗೆದು ಒಣ ಉಸುಕು ಹಾಕಿದೆವು.

ಹಾಗೆ ಕೆಲವು ವಾರ. ಹಾಳೆಗೆ ಹತ್ತುವ ನುಸಿಗಳು ಕಡಿಮೆಯಾದವು. ಒಂದು ದಿನ ಹೊಸ ಹಾಳೆ ಸಂಜೆಯವರೆಗೂ ಹಳದಿಯಾಗಿಯೇ ಉಳಿಯಿತು. ಆಮೇಲೆ ಬೋಳಾದ ಟೊಂಗೆಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು, ಮೂರು ದಳ ಬಿಚ್ಚಿಕೊಂಡು. ಅವ್ವ ನಾಗನೂರ ಬಸ್ಸನ್ನು ಮರೆತಳು. ಈಗ ಶಿವಾನಂದ ಹುಕ್ಕೇರಿಯಲ್ಲಿ ಇದೆಲ್ಲ ತನ್ನ ಹಾಳೆಯ ಕರಾಮತ್ತು ಎನ್ನುತ್ತಾನಂತೆ. ಅವ್ವ ಪಾಳಿಯ ಮಹಿಮೆ ಎನ್ನುತ್ತಾಳೆ. ನಾನು ಪ್ರಬಂಧವನ್ನೇ ಬರೆಯುತ್ತಿದ್ದೇನೆ. ಶಾಂತಾ ಮಾತ್ರ ತನಗೂ ಆ ಕುಂಡಕ್ಕೂ ಸಂಬಂಧವೇ ಇಲ್ಲ ಎನ್ನುತ್ತಾಳೆ.

ಇವತ್ತು ಬೆಳಿಗ್ಗೆ ಅವ್ವ ಕೊನೆಯವರೆಗೂ ರೆಪ್ಪೆ ಬಡಿಯದೆ ಪೂಜೆ ಮುಗಿಸಿದಳು. ನೀರಿನ ತಂಬಿಗೆ ಹಿಡಿದು ಪಡಸಾಲೆಗೆ ಬಂದು ನಿಂತಳು.

“ಇವತ್ತ ಯಾರ ಪಾಳಿ?”

ನಾನು ನೆನಪು ಮಾಡಿಕೊಳ್ಳತೊಡಗಿದೆ. ನನ್ನ ನೆನಪಿನ ಯೋಗ್ಯತೆ ನಿಮಗೆ ಗೊತ್ತೇ ಇದೆ. ಅಷ್ಟರಲ್ಲಿ ಅಡುಗೆಮನೆಯಿಂದ ಉತ್ತರ ಬಂತು.

“ನಿನ್ನಿ ಮಲ್ಲಿಗಿದು ಆಗೇತ್ರಿ ಅತ್ತಿ. ಮಣ್ಣ ಒಣಗೇತಿ, ನಾ ಮುಂಜಾನೆ ಮುಟ್ಟಿ ನೋಡೇನಿ. ಇವತ್ತ ನಮ್ಮ ಪತ್ರಿ ಗಿಡದ್ದು.”

ಅವ್ವ ನನ್ನ ಕಡೆ ನೋಡಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತಿತು, ಹೆಚ್ಚೇ ಹೇಳಿಬಿಟ್ಟೆನೇನೋ ಎಂಬಂತೆ. ಮತ್ತೆ ಇನ್ನಷ್ಟು ಜೋರಾಗಿ ಶುರುವಾಯಿತು. ಪಡಸಾಲೆಯಲ್ಲಿ ನಿಂತು ಕೇಳಿದರೆ ಅದು ಥೇಟ್ ಚಪ್ಪಾಳೆ.