ಉಬ್ಬರದಲ್ಲಿ ಮಾಡಿದ ಸರ್ವೆ

ನನ್ನ ಅತ್ತೆ ಜಗಳಗಂಟಿ. ಸೊಸೆಯಾಗಿ ಹದಿನೆಂಟು ವರ್ಷ ಅನುಭವಿಸಿದ್ದೇನೆ, ಸುಮ್ಮನೆ ಹೇಳುತ್ತಿಲ್ಲ.

ಸಮುದ್ರ ಇಳಿದಾಗ ಅಳಿವೆಯಲ್ಲಿ ಕೆಸರು ಬಯಲಾಗುತ್ತದೆ. ಎಂಟನೇ ವಯಸ್ಸಿನಿಂದ ಅತ್ತೆ ಅಲ್ಲಿ ಕೆಸರು ಕೆದಕಿ ಚಿಪ್ಪುಮೀನು ಹೆಕ್ಕಿ ಮಾರುತ್ತಾರೆ. ದೋಣಿಯಿಲ್ಲ, ಬಲೆಯಿಲ್ಲ, ಒಂದು ಬುಟ್ಟಿ, ಒಂದು ಬಾಗಿದ ಕಬ್ಬಿಣ. ಮಾವ ತೀರಿಕೊಂಡ ಮೇಲೆ ಮೂರು ಮಕ್ಕಳನ್ನು ದಡ ಸೇರಿಸಿದ್ದು ಇದೇ ಕೆಲಸದಿಂದ.

ಹೊಸ ಬಂದರಿಗಾಗಿ ಆ ಕೆಸರಿಗೆ ಮಣ್ಣು ತುಂಬಬೇಕಿತ್ತು. ಸರ್ವೆಯವರು ಬಂದದ್ದು ಹನ್ನೊಂದು ಗಂಟೆಗೆ, ಉಬ್ಬರ ತುಂಬಿದ್ದಾಗ. ಕಂಡದ್ದು ಬರೀ ನೀರು. ‘ಇಲ್ಲಿ ಯಾರೂ ದುಡಿಯುತ್ತಿಲ್ಲ’ ಎಂದು ಬರೆದುಕೊಂಡು ಹೋದರು. ದಡದಲ್ಲಿ ದೋಣಿ ಕಟ್ಟಿದವರೆಲ್ಲ ಕೆಲಸ ಕಳೆದುಕೊಂಡು ಪರಿಹಾರ ಪಡೆಯುವವರ ಪಟ್ಟಿಗೆ ಸೇರಿದರು. ಚಿಪ್ಪು ಹೆಕ್ಕುವ ಹೆಂಗಸರ ಹೆಸರಿನ ಮುಂದೆ ಮಾತ್ರ, ಅತ್ತೆಯದೂ ಸೇರಿ, ‘ಮನೆಗೆಲಸ’ ಎಂದಿತ್ತು. ಅತ್ತೆಗೆ ಅದನ್ನು ಓದಿ ಹೇಳಿದವಳು ನಾನೇ.

“ಮನೆಗೆಲಸನಾ? ಅದನ್ನ ನೀನೇ ನೆಟ್ಟಗೆ ಮಾಡಲ್ಲ, ನಾನ್ಯಾವಾಗ ಮಾಡಿದೆ!” ಎಂದು ನನ್ನ ಮೇಲೇ ಹರಿಹಾಯ್ದರು.

ಪಟ್ಟಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಸರ್ವೆಯ ಅಧಿಕಾರಿ ಮನೆಗೆ ಬಂದಾಗ ಇಳಿತದ ಹೊತ್ತು. ಅತ್ತೆ ಕೆಲಸಕ್ಕೆ ಹೋಗಿದ್ದರು. ಆತನನ್ನು ದಡಕ್ಕೆ ಕರೆದೊಯ್ದೆ. ಕೆಸರಿನುದ್ದಕ್ಕೂ ನಲವತ್ತು ಹೆಂಗಸರು ಬಗ್ಗಿ ದುಡಿಯುತ್ತಿದ್ದರು. ಅವರಲ್ಲಿ ಅತ್ತೆಯನ್ನು ತೋರಿಸಿದೆ.

“ಅಜ್ಜೀ, ಒಂದು ಹೆಬ್ಬೆಟ್ಟು ಒತ್ತಿ ಹೋಗಿ!” ಎಂದು ಕೂಗಿದ.

“ಕೆಲ್ಸ ಬಿಟ್ಟು ಬರೋಕಾಗಲ್ಲ ಸ್ವಾಮಿ. ನೀವೇ ಬನ್ನಿ.”

ಹತ್ತು ಹೆಜ್ಜೆ ಇಟ್ಟ. ಹನ್ನೊಂದನೆಯದಕ್ಕೆ ಮೊಣಕಾಲವರೆಗೆ ಹೂತುಹೋದ. ಮಿಸುಕಾಡಿದಷ್ಟೂ ಕೆಳಗಿಳಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಯಾಕೆ ಮುಚ್ಚಿಡಲಿ. ಅತ್ತೆ ನಿಧಾನವಾಗಿ ಬಂದು ಎದುರು ನಿಂತರು. ಕೈ ಮಾತ್ರ ಕೊಡಲಿಲ್ಲ.

“ಇಲ್ಲಿ ಯಾರೂ ದುಡಿಯಲ್ಲ ಅಂತ ಬರ್ದಿದ್ದೀರಲ್ಲ, ಹಾಗಾದ್ರೆ ನಿಮ್ಮನ್ನೀಗ ಎತ್ತೋರು ಯಾರು?”

ಆತ ನಲವತ್ತೂ ಜನರನ್ನು ಒಮ್ಮೆ ನೋಡಿದ. ಆಮೇಲೆ ಅತ್ತೆಯ ಬುಟ್ಟಿಯ ಮೇಲೆ ಕಾಗದವಿಟ್ಟು, ‘ಮನೆಗೆಲಸ’ ಹೊಡೆದುಹಾಕಿ, ‘ಚಿಪ್ಪು ಹೆಕ್ಕುವ ಕೆಲಸ’ ಎಂದು ಬರೆದ. ಉಳಿದವರ ಹೆಸರನ್ನೂ ಒಂದೊಂದಾಗಿ ಕೇಳಿ ಹಾಗೇ ತಿದ್ದಿದ. ನಾನು ದಡದಿಂದಲೇ ಕೂಗಿ, ಬರೆದದ್ದನ್ನು ಆತನಿಂದ ಗಟ್ಟಿಯಾಗಿ ಓದಿಸಿದೆ. ಅತ್ತೆ ಕೆಸರು ಮೆತ್ತಿದ ಹೆಬ್ಬೆಟ್ಟನ್ನೇ ಒತ್ತಿದರು, ಶಾಯಿ ಬೇಕಾಗಲಿಲ್ಲ. ಆಮೇಲಷ್ಟೇ ಆತನ ಎರಡೂ ಕೈ ಹಿಡಿದು ಎಳೆದರು. ಒಂದು ಬೂಟು ಒಳಗೇ ಉಳಿಯಿತು.

“ಇದ್ರಿಂದ ಬಂದರು ನಿಲ್ಲಲ್ಲ ಅಜ್ಜಿ,” ಎಂದ. ಕೆಟ್ಟವನಲ್ಲ, ಪಾಪ.

“ಗೊತ್ತು. ಆದ್ರೆ ಮಣ್ಣು ತುಂಬೋ ದಿನಾನೂ ನಾವು ಇಲ್ಲೇ ಇರ್ತೀವಿ. ಯಾರ ಮೇಲೆ ತುಂಬ್ತಿದ್ದೀರಿ ಅಂತ ನೋಡ್ಕೊಂಡೇ ತುಂಬಿ.”