ಅರವತ್ತು ಸೆಕೆಂಡಿನ ಸಂಶಯ

ಕಾರಣಿಕ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಕಂಪ್ಯೂಟರಿನಲ್ಲಿ ಏನೇ ಆದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ಹುಡುಕಿದ್ದು ಸಾಲದು ಎಂದು ವಾದಿಸುತ್ತಿದ್ದೆ. ನೀವು ನಂಬಬೇಕೆಂದು ನನಗೆ ಹಠವಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಾಲ್ಕೈದು ವರ್ಷಗಳ ಹಿಂದಿನ ಮಾತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ರಕ್ತದಾನಿಗಳ ಬಳಗವೊಂದರ ವೆಬ್‌ಸೈಟನ್ನು ನಾವಿಬ್ಬರು ನೋಡಿಕೊಳ್ಳುತ್ತಿದ್ದೆವು. ರಕ್ತ ಬೇಕಾದವರು ಡಾಕ್ಟರ ಚೀಟಿಯ ಫೋಟೊ ಹಾಕಿದರೆ ಹತ್ತಿರದ ದಾನಿಗಳಿಗೆ ಸುದ್ದಿ ಹೋಗುತ್ತದೆ. ಸರ್ವರ್ ಎಂದರೆ ಮೂಡುಬಿದಿರೆ ಪೇಟೆಯ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿಟ್ಟ ಹಳೆಯ ಕಂಪ್ಯೂಟರ್, ಅಷ್ಟೆ. ಜೊತೆಗಿದ್ದವರು ನಾರಾವಿಯ ಸುಕುಮಾರಣ್ಣ. ನನಗಿಂತ ಹದಿನೈದು ವರ್ಷ ದೊಡ್ಡವರು, ನನಗೆ ಈ ಕೆಲಸ ಕಲಿಸಿದವರು. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು. ನಾಲ್ಕೂವರೆಗೆಲ್ಲ ಬಸ್ಸಿಗೆ ಹೊರಟುಬಿಡುತ್ತಿದ್ದರು.

ಸರ್ವರಿನ ಮುಖ್ಯ ಸೆಟ್ಟಿಂಗ್‌ಗಳೆಲ್ಲ ಒಂದೇ ಫೈಲಿನಲ್ಲಿದ್ದವು. ಬರುತ್ತಿರುವ ಫೋಟೊಗಾಗಿ ಎಷ್ಟು ಸೆಕೆಂಡು ಕಾದು ಆಮೇಲೆ ಸಂಪರ್ಕ ಕಡಿಯಬೇಕು ಎನ್ನುವುದು ಅದರಲ್ಲೊಂದು ಸಾಲು. ನಾನು ಅರವತ್ತು ಎಂದು ಬರೆದೆ. ಹಳೆಯ ಯಂತ್ರ, ಎಲ್ಲರಿಗೂ ಕಾಯುತ್ತ ಕುಳಿತರೆ ಸುಸ್ತಾಗಿ ಬೀಳುತ್ತದೆ.

"ನಮ್ಮ ಕಡೆ ನೆಟ್‌ವರ್ಕ್ ತೆವಳಿಕೊಂಡು ಬರ್ತದೆ ಮಾರಾಯ. ಮುನ್ನೂರು ಇಡುವ," ಎಂದರು ಸುಕುಮಾರಣ್ಣ. ನಾನು ಒಪ್ಪಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಫೈಲಿನಲ್ಲಿ ಮುನ್ನೂರು! ಬದಲಾದದ್ದು ಸಂಜೆ ಆರೂ ಇಪ್ಪತ್ತಕ್ಕೆ ಎಂದು ಫೈಲೇ ತೋರಿಸುತ್ತಿತ್ತು. ನನ್ನದೇ ಮರೆವು ಎಂದುಕೊಂಡು ಮತ್ತೆ ಅರವತ್ತು ಮಾಡಿದೆ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಮುನ್ನೂರು. ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಆರೂ ಇಪ್ಪತ್ತಕ್ಕೆ ಅವರು ಊಟ ಮುಗಿಸಿ ಮನೆಯಿಂದಲೇ ಮೊಬೈಲಿನಲ್ಲಿ ಸರ್ವರ್ ತೆರೆದು ಕುಳಿತಿರುತ್ತಾರೆ ಎಂದು ಲೆಕ್ಕ ಹಾಕಿದೆ. ಆಮೇಲೆ ಅವರು ಕೀಬೋರ್ಡ್ ಮುಟ್ಟಿದರೆ ಸಾಕು, ನನ್ನ ಕಣ್ಣು ಅತ್ತ ಹೋಗುತ್ತಿತ್ತು. ಚಹಾಕ್ಕೆ ಕರೆದರೂ ಇದರಲ್ಲೇನೋ ಇದೆ ಎನಿಸುತ್ತಿತ್ತು.

ಮೂರನೆಯ ಸಲ ಬದಲಾದಾಗ ಕೇಳಿಯೇಬಿಟ್ಟೆ. "ನಿಮ್ಮನ್ನು ಬಿಟ್ರೆ ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತುಂಟು, ಸುಕುಮಾರಣ್ಣ?"

"ನಾನು ಮುಟ್ಟಿದ್ದಲ್ಲ. ಮಾಡುವುದಿದ್ರೆ ನಿನ್ನ ಹತ್ರ ಹೇಳಿಯೇ ಮಾಡ್ತೇನೆ, ಕದ್ದು ಯಾಕೆ ಮಾಡ್ಲಿ?"

ಸುಳ್ಳು ಹೇಳಬೇಡಿ ಎಂದೆ. ಅವರು ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು.

ನಾನು ಮತ್ತೆ ಅರವತ್ತು ಬರೆದು ಪಾಸ್‌ವರ್ಡ್ ಬದಲಿಸಿದೆ. ಹೊರಗಿನಿಂದ ಸರ್ವರಿಗೆ ಬರುವ ದಾರಿಯನ್ನೂ ಮುಚ್ಚಿದೆ. ಇನ್ನು ಸೆಟ್ಟಿಂಗ್ ಮುಟ್ಟಬೇಕಾದರೆ ಆ ಕೋಣೆಯಲ್ಲೇ ಕೂರಬೇಕು. ಎಂಟು ದಿನ ಏನೂ ಆಗಲಿಲ್ಲ. ಕಳ್ಳನನ್ನು ಹಿಡಿದೆನೆಂದು ಒಳಗೊಳಗೇ ಬೀಗಿದೆ.

ಒಂಬತ್ತನೆಯ ದಿನ ಸಂಜೆ ಒಬ್ಬನೇ ಚಹಾದ ಲೋಟ ಹಿಡಿದು ಕುಳಿತಿದ್ದೆ. ಸರ್ವರ್ ಹೊಸ ಸೆಟ್ಟಿಂಗ್ ಓದಿಕೊಂಡಿದೆ ಎಂಬ ಸಾಲು ಪರದೆಯ ಮೇಲೆ ಮೂಡಿತು. ಫೈಲ್ ತೆರೆದೆ. ಮುನ್ನೂರು. ಗಂಟೆ ಆರೂ ಇಪ್ಪತ್ತು. ಬಾಗಿಲು ಒಳಗಿನಿಂದ ಹಾಕಿತ್ತು. ಭಯವಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಯಾರದೋ ಫೋಟೊ ಬರತೊಡಗಿತು. ಸಂಖ್ಯೆ ಅಳಿಸಲು ಕೈ ಬರಲಿಲ್ಲ. ಅದು ಬಂದು ಮುಟ್ಟಲು ನಾಲ್ಕು ನಿಮಿಷ ಹಿಡಿಯಿತು. ಹೆರಿಗೆಯಲ್ಲಿ ತುಂಬ ರಕ್ತ ಹೋಗಿದ್ದ ಹೆಂಗಸೊಬ್ಬಳ ಚೀಟಿ. ಶಿರ್ತಾಡಿಯ ದಾನಿಯೊಬ್ಬರು ಕೂಡಲೇ ಬೈಕ್ ಹತ್ತಿದರು, ಆಕೆ ಉಳಿದಳು. ನನ್ನ ಅರವತ್ತೇ ಇದ್ದಿದ್ದರೆ ಆ ಚೀಟಿ ಅರ್ಧ ದಾರಿಯಲ್ಲೇ ಕಡಿದುಹೋಗುತ್ತಿತ್ತು.

ಮರುದಿನ ಬೆಳಿಗ್ಗೆಯೇ ನಾರಾವಿಗೆ ಹೋದೆ. ಸುಕುಮಾರಣ್ಣ ನೀರು, ಬೆಲ್ಲ ಕೊಟ್ಟು ಕೂರಿಸಿದರು. ಎಲ್ಲ ಹೇಳಿ, ತಪ್ಪಾಯಿತು, ಬನ್ನಿ ಎಂದು ಬೇಡಿಕೊಂಡೆ.

"ನಾನು ಹೇಳಿದಾಗ ನೀನು ನಂಬ್ಲಿಲ್ಲ. ಕಂಪ್ಯೂಟರ್ ಹೇಳಿದ ಮೇಲೆ ನಂಬಿದ್ದು," ಎಂದರು. "ಇನ್ನು ನಿನ್ನ ಜೊತೆ ಕೂತು ಕೆಲಸ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ."

ಆ ಸಾಲನ್ನು ಬದಲಿಸಿದ್ದು ಯಾರು? ಎಷ್ಟು ಹುಡುಕಿದರೂ ಉತ್ತರ ಸಿಕ್ಕಿಲ್ಲ. ನಾನು ಮತ್ತೆ ಅದನ್ನು ಮುಟ್ಟಲೂ ಇಲ್ಲ. ಸುಕುಮಾರಣ್ಣ ಪೇಟೆಯಲ್ಲಿ ಎದುರಾದರೆ ನಗುತ್ತಾರೆ, ನಿಲ್ಲುವುದಿಲ್ಲ.